ಕೊರಿಂಥದ ಕಾಗದದಲ್ಲಿ ಕಳಸದ ಸಂತೆ

ಬಾಳೂರಿನ ಹತ್ತಿರ ಒಂದು ಇಂಗ್ಲಿಷ್ ಕಂಪನಿಯ ಕಾಫಿ ಎಸ್ಟೇಟಿನಲ್ಲಿ ನಾನು ರೈಟರಾಗಿದ್ದೆ. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವುದು, ಸಂಜೆ ಕೊಯ್ದ ಹಣ್ಣು ಅಳೆಸುವುದು, ನಡುವೆ ಸಾಹೇಬರ ಹತ್ತಿರ ಬೈಸಿಕೊಳ್ಳುವುದು, ಇಷ್ಟು ನನ್ನ ಕೆಲಸ. ಇದರ ಜೊತೆಗೆ ಸಂಬಳವಿಲ್ಲದ ಇನ್ನೊಂದು ಕೆಲಸ ಶನಿವಾರ ಸಂಜೆಗಳಲ್ಲಿ ನನಗೆ ಗಂಟುಬಿದ್ದಿತ್ತು. ಕ್ರೈಸ್ತಮತದ ಮೊದಲ ಕಾಲದಲ್ಲಿ ಯೇಸುವಿನ ಸಂದೇಶ ಸಾರುತ್ತಿದ್ದ ಒಬ್ಬ ಅಪೊಸ್ತಲರು ದೂರದೂರದ ಪಟ್ಟಣಗಳ ಸಭೆಗಳಿಗೆ ಬರೆದ ಕಾಗದಗಳನ್ನು ನಮ್ಮ ಎಸ್ಟೇಟಿನ ಉಪದೇಶಿಗಳಿಗೆ ಗಟ್ಟಿಯಾಗಿ ಓದಿ ಹೇಳುವ ಕೆಲಸ ಅದು. ನಾನು ಕ್ರೈಸ್ತನಲ್ಲ. ಕಳಸದ ಕಡೆ, ಈರುಳ್ಳಿಯನ್ನೂ ಒಳಗೆ ಬಿಟ್ಟುಕೊಳ್ಳದ ಮನೆಯಲ್ಲಿ ಹುಟ್ಟಿದವನು. ಅಂಥವನು ಬಲಿಕೊಟ್ಟ ಕುರಿಯ ಮಾಂಸ ತಿನ್ನಬಹುದೋ ಬಾರದೋ ಎಂಬ ವಿಚಾರದಲ್ಲಿ ಬಾಯಿ ಹಾಕಿ ಒಬ್ಬ ಮುದುಕರ ಕೆಲಸಕ್ಕೇ ಸಂಚಕಾರ ತಂದ ಎಂದು ನೆಂಟರೆಲ್ಲ ಈಗಲೂ ಆಡಿಕೊಳ್ಳುತ್ತಾರೆ. ತಪ್ಪು ನನ್ನದಲ್ಲ ಎಂಬುದು ಇವತ್ತಿಗೂ ನನ್ನ ವಾದ.

ಎಸ್ಟೇಟಿನ ಕೆಳಗಿನ ಲೈನಿನಲ್ಲಿ, ಅಂದರೆ ಆಳುಗಳಿಗಾಗಿ ಸಾಲಾಗಿ ಕಟ್ಟಿದ ಒಂಟಿಕೋಣೆಯ ಮನೆಗಳಲ್ಲಿ, ಘಟ್ಟ ಹತ್ತಿ ಬಂದ ಕೆಲವು ಕ್ರೈಸ್ತ ಕುಟುಂಬಗಳಿದ್ದವು. ಅವರ ಪ್ರಾರ್ಥನೆಗೆಂದು ಸಾಹೇಬರು ಒಂದು ಹಳೆಯ ಕಾಫಿ ಗೋಡೌನನ್ನು ಬಿಟ್ಟುಕೊಟ್ಟಿದ್ದರು. ಚಿಕ್ಕಮಗಳೂರಿನಿಂದ ಪಾದ್ರಿಗಳು ಅಪರೂಪಕ್ಕೊಮ್ಮೆ ಬರುತ್ತಿದ್ದರು. ಉಳಿದಂತೆ ಭಾನುವಾರದ ಓದು, ಪ್ರಾರ್ಥನೆ, ಮದುವೆಯ ಮಾತುಕತೆ, ಕುಡಿದು ಹೊಡೆದಾಡಿದವರನ್ನು ಬಿಡಿಸುವುದು, ಇದೆಲ್ಲ ಮಿಷನ್ನಿನವರು ನೇಮಿಸಿದ ಉಪದೇಶಿಗಳ ಪಾಲಿನದು. ಎತ್ತರದ ಆಳು, ಕುತ್ತಿಗೆಯವರೆಗೂ ಗುಂಡಿ ಹಾಕಿದ ಕಪ್ಪು ಕೋಟು, ಬಿಸಿಲಿಗೂ ಮಳೆಗೂ ಒಂದೇ ಕೊಡೆ. ಅವರ ದನಿಯಂತೂ ಗೋಡೌನಿನ ತಗಡನ್ನು ನಡುಗಿಸುತ್ತಿತ್ತು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ನನಗೂ ಅದೇ ಜಾಯಮಾನವಾದ್ದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದುತ್ತಿತ್ತು.

ಅವರ ಕಣ್ಣು ಹೋಗುತ್ತಾ ಬಂದಿತ್ತು. ಮನುಷ್ಯರು ನೆರಳಿನ ಹಾಗೆ ಕಾಣುತ್ತಿದ್ದರು, ಅಕ್ಷರ ಮಾತ್ರ ಸುತರಾಂ ಕಾಣುತ್ತಿರಲಿಲ್ಲ. ವೈದ್ಯರು ಇನ್ನು ಮಾಡುವಂಥದ್ದೇನಿಲ್ಲ ಎಂದು ಕೈಬಿಟ್ಟಿದ್ದರು. ಓದಲಾಗದ ಉಪದೇಶಿಯನ್ನು ಮಿಷನ್ನು ಇಟ್ಟುಕೊಳ್ಳುವುದಿಲ್ಲ. ಕೆಲಸ ಹೋದರೆ ಅದರ ಜೊತೆ ಕೊಟ್ಟ ಮನೆಯೂ ಹೋಗುತ್ತದೆ. ಆ ಮನೆಯಲ್ಲಿ ಅವರು, ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಫಿಟ್ಟರಾಗಿದ್ದ ಮಗ ಮತ್ತು ಸೊಸೆ ಇದ್ದರು. ಹಾಗಾಗಿ ಅವರು ಕಣ್ಣಿನ ಸುದ್ದಿಯನ್ನು ಮನೆಯವರಿಗೂ ನನಗೂ ಬಿಟ್ಟರೆ ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಶನಿವಾರ ನನ್ನಿಂದ ಓದಿಸಿಕೊಂಡು ಬಾಯಿಪಾಠ ಮಾಡಿಕೊಳ್ಳುವುದು, ಭಾನುವಾರ ಪುಸ್ತಕ ತೆರೆದು ಹಿಡಿದು ಓದಿದಂತೆ ಒಪ್ಪಿಸುವುದು. ಒಮ್ಮೆ ಕಿವಿಗೆ ಬಿದ್ದರೆ ಸಾಕು, ಅವರ ತಲೆಯೊಳಗೆ ಅದು ಅಚ್ಚು ಹಾಕಿದಂತೆ ಕೂರುತ್ತಿತ್ತು. ಅಂಥ ನೆನಪಿನ ಶಕ್ತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊನೆಗೆ ಎಡವಟ್ಟಾದದ್ದೂ ಅದರಿಂದಲೇ.

ಓದಿ ಹೇಳಲು ಮನೆಯಲ್ಲೇ ಸೊಸೆ ಇದ್ದಳು. ಮಂಗಳೂರಿನ ಮಿಷನ್ ಶಾಲೆಯಲ್ಲಿ ಓದಿ ಬಂದವಳು. ಹಿಂದೊಂದು ಭಾನುವಾರ ಉಪದೇಶಿಗಳು ಮಬ್ಬುಗಣ್ಣಿನಲ್ಲಿ ಓದುತ್ತಾ ಒಂದು ಸಾಲು ಹಾರಿಸಿದಾಗ ಅವಳು ಹೆಂಗಸರ ಸಾಲಿನಿಂದ, "ಮಾವ, ನಡುವೆ ಒಂದು ಬಿಟ್ಟುಹೋಯ್ತು," ಎಂದಿದ್ದಳು. ಉಪದೇಶಿಗಳು ಪುಸ್ತಕವನ್ನು ಫಟ್ಟನೆ ಮುಚ್ಚಿ, ಹೆಂಗಸರು ಸಭೆಯಲ್ಲಿ ಬಾಯಿ ತೆರೆಯಬಾರದೆಂದು ಅಪೊಸ್ತಲರೇ ಕೊರಿಂಥ ಪಟ್ಟಣದವರಿಗೆ ಬರೆದಿದ್ದಾರೆ, ಏನಾದರೂ ಕೇಳುವುದಿದ್ದರೆ ಮನೆಯಲ್ಲಿ ಗಂಡನನ್ನು ಕೇಳಬೇಕು ಎಂದು ಎಲ್ಲರೆದುರು ಗುಡುಗಿದರು. ಗಂಡನೆಂಬ ಆ ಫಿಟ್ಟರಿಗೆ ಸ್ಪ್ಯಾನರು ಗ್ರೀಸು ಬಿಟ್ಟರೆ ಬೇರೇನೂ ತಿಳಿಯದು, ಅವನನ್ನು ಕೇಳಿ ಆಗುವುದೇನು? ಸೊಸೆ ಒಂದು ಮಾತೂ ಎದುರಾಡಲಿಲ್ಲ. ಆವತ್ತಿನಿಂದ ಮನೆಯಲ್ಲೂ ಮಾವನ ಹತ್ತಿರ ಮಾತಾಡುವುದನ್ನು ನಿಲ್ಲಿಸಿಬಿಟ್ಟಳು.

ಸೇವೆಯಲ್ಲಿ ಏನೂ ಕೊರತೆಯಿರಲಿಲ್ಲ. ಹೊತ್ತಿಗೆ ಸರಿಯಾಗಿ ಗಂಜಿ, ಬಿಸಿನೀರು, ಒಗೆದ ಪಂಚೆ. ಆದರೆ ಬಾಯಿ ಬಿಡುತ್ತಿರಲಿಲ್ಲ. ನೀರು ಕಾದಿದೆ ಎನ್ನುವುದಕ್ಕೆ ಚೊಂಬನ್ನು ಕುಟ್ಟುತ್ತಿದ್ದಳು, ಊಟಕ್ಕೆ ತಟ್ಟೆಯನ್ನು. ಕಣ್ಣು ಕಾಣದವರಿಗೆ ಇದು ಎಂಥ ಶಿಕ್ಷೆ ನೋಡಿ.

"ನಿನ್ನೆ ಚೊಂಬಿನ ಸದ್ದಾಯ್ತು ಅಂತ ಬಚ್ಚಲಿಗೆ ಹೋದೆ ರೈಟ್ರೇ. ಅದು ಬೆಕ್ಕು ಬೀಳಿಸಿದ್ದು. ತಣ್ಣೀರಲ್ಲಿ ಮಿಂದು ಬಂದೆ," ಎಂದು ಉಪದೇಶಿಗಳು ಒಮ್ಮೆ ಹೇಳಿದರು.

"ನೀವೇ ಒಂದು ಮಾತು ಹೇಳಿ ಮುಗಿಸಿಬಿಡಿ ಮಾರಾಯ್ರೆ."

"ನಾನು ಹೇಳಿದ್ದಲ್ಲ, ಅಪೊಸ್ತಲರು ಹೇಳಿದ್ದು. ನಾನ್ಯಾರು ಅದನ್ನ ತಿದ್ದೋಕೆ?"

ಅಪೊಸ್ತಲರು ಸಭೆಯ ವಿಷಯ ಬರೆದದ್ದು, ಬಚ್ಚಲಿನ ವಿಷಯವಲ್ಲ ಎಂದರೆ ಕೇಳುವ ಆಸಾಮಿಯಲ್ಲ. ಹೀಗೆ ಸ್ವಂತ ಸೊಸೆಯನ್ನು ಬಿಟ್ಟು, ಗುಡ್ಡ ಹತ್ತಿ, ಈರುಳ್ಳಿ ತಿನ್ನದ ರೈಟರನ ಕೋಣೆಗೆ ಪುಸ್ತಕ ಹೊತ್ತುಕೊಂಡು ಬರುತ್ತಿದ್ದರು.

ಅವರು ತರುತ್ತಿದ್ದ ಪುಸ್ತಕ ಎರಡು. ಒಂದು ಕನ್ನಡದ ಕಾಗದಗಳದು. ಇನ್ನೊಂದು ಪಾದ್ರಿಗಳು ಎಂದೋ ಕೊಟ್ಟುಹೋದ ದಪ್ಪನೆಯ ಇಂಗ್ಲಿಷ್ ವ್ಯಾಖ್ಯಾನ. ಆ ಕಾಗದಗಳನ್ನು ಬರೆದ ಕಾಲದಲ್ಲಿ ಆ ಪಟ್ಟಣಗಳ ಜನ ಹೇಗೆ ಬದುಕುತ್ತಿದ್ದರು, ಏನು ಉಣ್ಣುತ್ತಿದ್ದರು, ಯಾವ ದೇವರಿಗೆ ಏನು ಕೊಡುತ್ತಿದ್ದರು ಎಂಬುದೆಲ್ಲ ಅದರಲ್ಲಿತ್ತು. ಉಪದೇಶಿಗಳಿಗೆ ಇಂಗ್ಲಿಷ್ ಬಾರದು. ನಾನು ಒಂದು ಪುಟ ಇದರಿಂದ, ಒಂದು ಪುಟ ಅದರಿಂದ ಓದಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೆ.

ಮೊದಮೊದಲು ಬೇಸರದಿಂದ ಓದಿದೆ. ಆಮೇಲೆ ನನಗೇ ರುಚಿ ಹತ್ತಿತು. ಧರ್ಮಗ್ರಂಥವೆಂದರೆ ಗಂಭೀರವಾಗಿರುತ್ತದೆ ಎಂದುಕೊಂಡಿದ್ದೆ. ಇದು ನೋಡಿದರೆ ಒಂದು ಎಸ್ಟೇಟಿನ ತಂಟೆ ತಕರಾರು! ಕೊರಿಂಥ ಎಂಬುದು ಎರಡು ಕಡೆ ಸಮುದ್ರವಿರುವ ಪೇಟೆಯಂತೆ. ಹಡಗಿನವರು, ಕೂಲಿಯವರು, ಗುಲಾಮರು, ಹೊಸದಾಗಿ ದುಡ್ಡು ಕಂಡವರು ಎಲ್ಲ ಒಟ್ಟಿಗೆ. ಅಲ್ಲಿಯ ಸಭೆಯಲ್ಲಿ, ನಾನು ಇಂಥ ಗುರುವಿನ ಕಡೆ, ನೀನು ಅಂಥ ಗುರುವಿನ ಕಡೆ ಎಂದು ಪಂಗಡ. ನಮ್ಮಲ್ಲಿ ಆಳುಗಳು ತಮ್ಮನ್ನು ದುಡಿಸುವ ದೊಡ್ಡ ಮೇಸ್ತ್ರಿ ಕಡೆ, ಸಣ್ಣ ಮೇಸ್ತ್ರಿ ಕಡೆ ಎಂದು ಇರಲಿಲ್ಲವೇ? ಸಾಮೂಹಿಕ ಊಟಕ್ಕೆ ಉಳ್ಳವರು ಮೊದಲೇ ಬಂದು ತಿಂದು ಕುಡಿದು ಮಲಗುತ್ತಿದ್ದರಂತೆ, ಕೂಲಿಯವರು ಕೆಲಸ ಮುಗಿಸಿ ಬರುವಷ್ಟರಲ್ಲಿ ಪಾತ್ರೆ ಖಾಲಿ. ಯಾರದೋ ಮನೆಯ ಆಳುಗಳು ಹೋಗಿ ಇದನ್ನೆಲ್ಲ ಅಪೊಸ್ತಲರಿಗೆ ಚಾಡಿ ಹೇಳಿದ್ದಾರೆ. ಅವರು ಸಿಟ್ಟುಬಂದು ಕಾಗದ ಬರೆದಿದ್ದಾರೆ. ಬರೆದದ್ದೂ ಸ್ವಂತ ಕೈಯಲ್ಲಲ್ಲ. ಅವರು ಹೇಳುತ್ತಾ ಹೋದಂತೆ ಇನ್ನೊಬ್ಬ ಬರೆದುಕೊಂಡದ್ದು.

"ಅಂದ್ರೆ ಅವರಿಗೂ ಒಬ್ಬ ರೈಟ್ರು ಇದ್ದ!" ಎಂದೆ ನಾನು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆವತ್ತಿನಿಂದ ಆ ಬರಹಗಾರನನ್ನು ನನ್ನ ಖಾಸಾ ಜಾತಿಯವನೆಂದೇ ಭಾವಿಸಿದೆ.

ನಾನು ಜಾತಿ ಕೆಟ್ಟಿದ್ದೇನೆಂದು ಯಾರೋ ಕಳಸದಲ್ಲಿ ಸುದ್ದಿ ಹಬ್ಬಿಸಿದರು. ಒಂದು ಶನಿವಾರ ಅಪ್ಪ ಬಸ್ಸಿನಲ್ಲಿ ಬಂದಿಳಿದು, ಕೋಣೆಯ ಬಾಗಿಲಲ್ಲಿ ಕೊಡೆ ಊರಿಕೊಂಡು ನಿಂತರು. ನಾನು ಓದುತ್ತಿದ್ದ ಭಾಗ, ಒಂದೇ ಸಭೆಯ ಅಣ್ಣತಮ್ಮಂದಿರು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗುವುದೇ ಸೋಲು, ಅದಕ್ಕಿಂತ ಅನ್ಯಾಯ ಸಹಿಸಿಕೊಳ್ಳಬಾರದೇ ಎಂಬುದು. ಅಪ್ಪನಿಗೆ ಆಗ ಚಿಕ್ಕಪ್ಪನ ಜೊತೆ ಒಂದು ತೋಡಿನ ನೀರಿನ ವಿಚಾರಕ್ಕೆ ಮೂಡಿಗೆರೆ ಕೋರ್ಟಿನಲ್ಲಿ ವ್ಯಾಜ್ಯ ನಡೆಯುತ್ತಿತ್ತು. ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಇನ್ನೊಂದ್ಸಲ ಓದು," ಎಂದರು. ಓದಿದೆ. "ಇದನ್ನ ನಿನ್ನ ಚಿಕ್ಕಪ್ಪನಿಗೆ ಓದಿ ಹೇಳ್ಬೇಕು," ಎಂದರು. ತಮಗೂ ಅದು ಅನ್ವಯಿಸೀತು ಎಂದು ಅವರಿಗೆ ಹೊಳೆಯಲೇ ಇಲ್ಲ. ನಾನು ಕೊಟ್ಟ ಕಾಫಿ ಕುಡಿದು ನಿಶ್ಚಿಂತೆಯಿಂದ ಹೊರಟುಹೋದರು.

ಓದುವಾಗ ಸುಮ್ಮನೆ ಓದುವುದು ನನ್ನಿಂದ ಆಗದು. ನಡುನಡುವೆ ನನ್ನದೊಂದು ಮಾತು ಸೇರಬೇಕು. ಒಂದು ಕಾಗದದ ಕೊನೆಯಲ್ಲಿ, ಎಲ್ಲರೂ ಒಬ್ಬರಿಗೊಬ್ಬರು ಪವಿತ್ರವಾದ ಮುದ್ದು ಕೊಟ್ಟು ವಂದಿಸಿರಿ ಎಂದು ಬಂದಾಗ ಉಪದೇಶಿಗಳು ಕಂಗಾಲಾದರು. ಕೆಳಗಿನ ಲೈನಿನ ಗಂಡಸರು ಇದನ್ನು ಕೇಳಿದರೆ ಏನು ಗತಿ? ವ್ಯಾಖ್ಯಾನ ನೋಡಿ ಹೇಳಿದೆ, "ಅದು ಆ ದೇಶದ ಪದ್ಧತಿ. ನಾವು ಎದುರು ಸಿಕ್ಕಿದವರಿಗೆ ಊಟ ಆಯ್ತಾ ಅಂತ ಕೇಳೋದಿಲ್ವಾ, ಹಾಗೆ." ಮಾರನೆಯ ದಿನ ಗೋಡೌನಿನ ಹಿಂದಿನಿಂದ ಹಾದುಹೋಗುವಾಗ ಕೇಳಿಸಿತು. ಎಲ್ಲರೂ ಒಬ್ಬರಿಗೊಬ್ಬರು ಊಟ ಆಯಿತೇ ಎಂದು ಕೇಳಿ ವಂದಿಸಿರಿ ಎಂದು ಅಪೊಸ್ತಲರು ಉಪದೇಶಿಗಳ ಬಾಯಲ್ಲಿ ಅಪ್ಪಣೆ ಕೊಡಿಸುತ್ತಿದ್ದರು. ಕಾಗದದ ಮಾತು, ವ್ಯಾಖ್ಯಾನದ ಮಾತು, ನನ್ನ ಮಾತು ಮೂರೂ ಅವರ ತಲೆಯಲ್ಲಿ ಒಂದೇ ಅಚ್ಚಿನಲ್ಲಿ ಕೂತಿದ್ದವು. ಯಾವುದು ಯಾರದೆಂದು ಬೇರೆ ಮಾಡಲು ಅವರಿಗೆ ಕಣ್ಣಿರಲಿಲ್ಲ, ನನಗೆ ಮನಸ್ಸಿರಲಿಲ್ಲ. ನನ್ನ ಮಾತು ಅಪೊಸ್ತಲರ ಹೆಸರಿನಲ್ಲಿ ಚಲಾವಣೆಯಾಗುವುದು ನಿಜವಾಗಿಯೂ ಖುಷಿಯ ಸಂಗತಿಯಾಗಿತ್ತು.

ಕೊಯ್ಲು ಮುಗಿದ ಮೇಲೆ ನಮ್ಮ ಎಸ್ಟೇಟಿನಲ್ಲಿ ಚೌಡಿಗೆ ಕುರಿ ಕಡಿಯುವ ಪದ್ಧತಿ. ತೋಟದ ಮೇಲಂಚಿನಲ್ಲಿ ಚೌಡಿಯ ಕಲ್ಲಿತ್ತು. ಕಾಡುಪ್ರಾಣಿ, ಜ್ವರ, ಮರ ಬೀಳುವುದು ಯಾವುದೂ ಆಳುಗಳನ್ನು ಮುಟ್ಟದ ಹಾಗೆ ಅವಳು ಕಾಯಬೇಕು. ಕುರಿಗೆ ಸಾಹೇಬರೇ ಹಣ ಕೊಡುತ್ತಿದ್ದರು. ಮಾಂಸವನ್ನು ಎಲೆಯ ಮೇಲೆ ಸಮಸಮ ಗುಡ್ಡೆ ಹಾಕಿ ಒಂದೊಂದು ಮನೆಗೆ ಒಂದೊಂದು ಪಾಲು. ದೊಡ್ಡ ಮೇಸ್ತ್ರಿ ಪ್ರತಿ ಮನೆಯ ಮುಂದೆ ನಿಂತು, "ಚೌಡಿ ಪಾಲು!" ಎಂದು ಕೂಗಿ ಕೊಡುತ್ತಿದ್ದ. ಪಾಲು ತೆಗೆದುಕೊಂಡ ಮನೆ ಎಸ್ಟೇಟಿಗೆ ಸೇರಿದ್ದು. ಬೇಡವೆಂದವರ ಮನೆಯ ಹೆಣ ಹೊರುವುದಕ್ಕೂ ಯಾರೂ ಬರುವುದಿಲ್ಲ ಎಂಬ ಭಯವಿತ್ತು. ಕ್ರೈಸ್ತರ ಮನೆಗಳು ಇಷ್ಟು ವರ್ಷ ಪಾಲು ತೆಗೆದುಕೊಂಡು, ತಿಂದು, ಭಾನುವಾರ ಪ್ರಾರ್ಥನೆಗೂ ಹೋಗುತ್ತಿದ್ದವು. ಆ ವರ್ಷ ಯಾರೋ ಚಿಕ್ಕಮಗಳೂರಿಗೆ ದೂರು ಒಯ್ದರು. ಪಾದ್ರಿಗಳು ತಾವೇ ಬಂದು ವಿಚಾರಿಸುವುದಾಗಿ ಹೇಳಿಕಳಿಸಿದರು. ಆ ಭಾನುವಾರ ವಿಗ್ರಹಕ್ಕೆ ಕೊಟ್ಟ ಮಾಂಸದ ಭಾಗವನ್ನೇ ಓದಬೇಕೆಂದೂ ಅಪ್ಪಣೆಯಾಯಿತು.

ಶನಿವಾರ ಉಪದೇಶಿಗಳು ಬೇಗನೆ ಬಂದರು. ಕೊರಿಂಥದಲ್ಲೂ ಇದೇ ಪೇಚಾಟ. ಗುಡಿಗಳಲ್ಲಿ ಬಲಿಯಾದದ್ದರಲ್ಲಿ ಮಿಕ್ಕ ಮಾಂಸ ಪೇಟೆಯ ಅಂಗಡಿಗೆ ಬರುತ್ತಿತ್ತಂತೆ. ಬಡವರಿಗೆ ಮಾಂಸ ಕಾಣುತ್ತಿದ್ದುದೇ ಹಬ್ಬದ ದಿನ. ಅಪೊಸ್ತಲರು ಹೇಳಿದ್ದಿಷ್ಟು. ಅಂಗಡಿಯಲ್ಲಿ ಮಾರಿದ್ದನ್ನು ವಿಚಾರಿಸದೆ ತಿನ್ನಿ. ಯಾರಾದರೂ ಊಟಕ್ಕೆ ಕರೆದರೆ ಬಡಿಸಿದ್ದನ್ನು ಕೇಳದೆ ತಿನ್ನಿ. ಆದರೆ ಇದು ಬಲಿಯದು ಎಂದು ಒಬ್ಬ ಬಾಯಿಬಿಟ್ಟು ಹೇಳಿದರೆ, ಆ ಹೇಳಿದವನ ಮನಸ್ಸಿನ ಸಲುವಾಗಿ ಬಿಡಿ.

"ಅಲ್ಲ ಉಪದೇಶಿಗಳೇ, ಕಳಸದ ಸಂತೇಲಿ ತಂದ ಕುರಿ ಎಲ್ಲಿ ಕಡಿದದ್ದು ಅಂತ ಯಾರು ಕೇಳ್ತಾರೆ?" ಎಂದೆ ನಾನು, ಓದಿನ ಉತ್ಸಾಹದಲ್ಲಿ. "ತೊಂದರೆ ಇರೋದು ಮಾಂಸದಲ್ಲಲ್ಲ, ದೊಡ್ಡ ಮೇಸ್ತ್ರಿ ಬಾಯಲ್ಲಿ. ಅವನು ಕೂಗದೆ ಕೊಟ್ಟುಹೋದ್ರೆ ಎಲ್ರಿಗೂ ಕ್ಷೇಮ."

ಉಪದೇಶಿಗಳು ತಲೆದೂಗಿದರು. "ಚೆನ್ನಾಗಿ ಹೇಳಿದ್ದಾರೆ," ಎಂದರು. ಯಾರು ಹೇಳಿದ್ದು ಎಂದು ನಾನೂ ಕೇಳಲಿಲ್ಲ.

ಭಾನುವಾರ ಪಾದ್ರಿಗಳ ಉಪಚಾರಕ್ಕೆ ಸಾಹೇಬರು ನನ್ನನ್ನೇ ನೇಮಿಸಿದ್ದರಿಂದ ನಾನು ಗೋಡೌನಿನ ಬಾಗಿಲಲ್ಲಿ ನಿಂತಿದ್ದೆ. ಪಾದ್ರಿಗಳು ಸಮುದ್ರದಾಚೆಯವರು, ಕೆಂಪು ಮುಖ, ಬಿಳಿ ಗಡ್ಡ. ಕನ್ನಡವನ್ನು ವ್ಯಾಕರಣ ಪುಸ್ತಕದಿಂದಲೇ ಕಲಿತವರು. ನಮ್ಮೂರಿನ ಯಾರೂ ಅಷ್ಟು ಶುದ್ಧವಾಗಿ ಮಾತಾಡುತ್ತಿರಲಿಲ್ಲವಾದ್ದರಿಂದ ಅವರ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು, ತಮ್ಮ ಪುಸ್ತಕವನ್ನು ತೊಡೆಯ ಮೇಲೆ ತೆರೆದು, ಸಾಲಿನ ಕೆಳಗೆ ಬೆರಳಿಟ್ಟುಕೊಂಡರು. ಉಪದೇಶಿಗಳು ಎದ್ದುನಿಂತು ಪುಸ್ತಕ ಬಿಡಿಸಿ ಶುರುಮಾಡಿದರು. ಆಹಾ, ಎಂಥ ದನಿ! ಪಾದ್ರಿಗಳ ಬೆರಳು ಸಾಲಿನಿಂದ ಸಾಲಿಗೆ ಸರಾಗವಾಗಿ ಹೋಗುತ್ತಿತ್ತು. ಅಂಗಡಿಯ ಮಾಂಸದ ವಿಷಯ ಬಂತು. ಅದೇ ದನಿಯಲ್ಲಿ, ಅದೇ ಗಾಂಭೀರ್ಯದಲ್ಲಿ ಉಪದೇಶಿಗಳು ಮುಂದುವರಿದರು. ಕಳಸದ ಸಂತೆಯಲ್ಲಿ ತಂದ ಕುರಿಯನ್ನು ಎಲ್ಲಿ ಕಡಿದದ್ದೆಂದು ಯಾರು ಕೇಳುತ್ತಾರೆ? ತೊಂದರೆಯಿರುವುದು ಮಾಂಸದಲ್ಲಲ್ಲ, ದೊಡ್ಡ ಮೇಸ್ತ್ರಿಯ ಬಾಯಲ್ಲಿ.

ಬೆರಳು ನಿಂತಿತು. ಹಿಂದೆ ಹೋಯಿತು, ಮುಂದೆ ಬಂತು, ಪುಟ ತಿರುಗಿಸಿತು.

"ಉಪದೇಶಿಯವರೇ," ಎಂದರು ಪಾದ್ರಿಗಳು, "ಕಳಸವೆಂಬ ಪಟ್ಟಣವು ಯಾವ ಅಧ್ಯಾಯದಲ್ಲಿ ಇರುತ್ತದೆ?"

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಮುದುಕಿ, ಪರದೇಶದವರಿಗೆ ದಾರಿ ಗೊತ್ತಿಲ್ಲವೆಂದು ಮರುಗಿ, "ಕಳ್ಸ ಇಲ್ಲೇ ಆಚೆಗೆ ಅಯ್ಯಾ. ಗುಡ್ಡ ಇಳಿದ್ರೆ ಸಿಗ್ತದೆ," ಎಂದಳು.

ಪಾದ್ರಿಗಳು ಎದ್ದುಬಂದು ಉಪದೇಶಿಗಳ ಕೈಯಲ್ಲಿದ್ದ ಪುಸ್ತಕದ ಒಂದು ಸಾಲಿನ ಮೇಲೆ ಬೆರಳಿಟ್ಟು, "ಈ ಒಂದು ಮಾತನ್ನು ಓದಿರಿ," ಎಂದರು. ಉಪದೇಶಿಗಳು ಪುಟವನ್ನೇ ನೋಡುತ್ತಾ ನಿಂತರು. ಏನಾದರೂ ಒಂದು ಊಹಿಸಿ ಹೇಳಬಹುದಿತ್ತು. ಹೇಳಲಿಲ್ಲ. "ಕಾಣೋದಿಲ್ಲ," ಎಂದರು. ಆ ದನಿ ಮೊದಲ ಸಾಲಿನವರಿಗೂ ಸರಿಯಾಗಿ ಕೇಳಿಸಲಿಲ್ಲ.

ಆಮೇಲೆ ಹೊರಗೆ ಹಲಸಿನ ಮರದಡಿ ವಿಚಾರಣೆ ನಡೆಯಿತು. ಓದಿ ಹೇಳುತ್ತಿದ್ದವನು ನಾನೆಂದು ಒಪ್ಪಿಕೊಂಡೆ. "ಅಪೊಸ್ತಲರೂ ಬೇರೆಯವರ ಕೈಲಿ ಬರೆಸಿದ್ದು ಉಂಟಲ್ಲ. ನಾನು ಬೇರೆಯವರ ಕಣ್ಣಲ್ಲಿ ಓದಿದೆ," ಎಂದರು ಉಪದೇಶಿಗಳು. ಪಾದ್ರಿಗಳು, "ಸತ್ಯ. ಆದರೆ ಆ ಬರಹಗಾರನು ಕಾಗದದ ಕೊನೆಗೆ ತನ್ನ ವಂದನೆಯನ್ನು ತನ್ನದೆಂದೇ ಹೇಳಿ ಬರೆದನು. ತನ್ನ ಮೇಸ್ತ್ರಿಯ ಸಮಾಚಾರವನ್ನು ಸೇರಿಸಲಿಲ್ಲ," ಎಂದು ನನ್ನ ಕಡೆ ನೋಡಿದರು. ನನಗೆ ಸಿಟ್ಟೂ ಬಂತು, ನಗುವೂ ಬಂತು. ನಾನು ಹೇಳಿದ ಅರ್ಥ ತಪ್ಪಲ್ಲವೆಂದು ಅವರೂ ಒಪ್ಪಿದರು. ಆದರೆ ನಿಯಮ ನಿಯಮವೇ. ಸಭೆಗೆ ಸೇರಿದ ಒಬ್ಬರು ಪುಟ ನೋಡಿ ಓದಬೇಕು, ಉಪದೇಶಿಗಳು ಬೇಕಾದರೆ ಅದರ ಅರ್ಥ ಹೇಳಿ ಪ್ರಸಂಗ ಮಾಡಲಿ. ಮುಂದಿನ ಭೇಟಿಯ ಹೊತ್ತಿಗೆ ಅಂಥ ಓದುಗರು ಇಲ್ಲದಿದ್ದರೆ ಬೇರೆ ಉಪದೇಶಿ ಬರುತ್ತಾರೆ, ಮನೆ ಬಿಟ್ಟುಕೊಡಬೇಕು. ಹೇಳುವಾಗ ಪಾದ್ರಿಗಳ ಮುಖವೂ ಸಣ್ಣದಾಗಿತ್ತು.

ಚೌಡಿ ಪಾಲಿನ ಗತಿ ಏನಾಯಿತೆಂದರೆ, ಓದಿನ ಸುದ್ದಿ ದೊಡ್ಡ ಮೇಸ್ತ್ರಿಗೂ ಮುಟ್ಟಿತ್ತು. ಬೇರೆ ದೇಶದ ಕಾಗದದಲ್ಲಿ ತನ್ನ ಬಾಯಿಯ ವಿಷಯ ಬಂದಿದೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆ. ಹಂಚುವ ದಿನ ಕೆಳಗಿನ ಲೈನಿಗೆ ಬಂದಾಗ ತುಟಿ ಬಿಗಿದುಕೊಂಡು, ಬರೀ ಕೆಮ್ಮುತ್ತಾ ಗುಡ್ಡೆಗಳನ್ನು ಇಟ್ಟುಹೋದ. "ಎಂತ ಮಾಂಸ ಇದು?" ಎಂದು ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಕೇಳಿದಳು. ಅವಳ ಬಾಯಿಗೆ ಅತ್ತೆ ಕೈಯಡ್ಡ ಹಿಡಿದು ಒಳಗೆ ಎಳೆದುಕೊಂಡಳು.

ಈಗ ಓದಬಲ್ಲವರು ಸಭೆಯಲ್ಲಿ ಯಾರು? ಇಡೀ ಕೆಳಗಿನ ಲೈನಿನಲ್ಲಿ ಒಬ್ಬಳೇ. ಮುಂದಿನ ಭಾನುವಾರ ನಾನು ಕೆಲಸವಿಲ್ಲದಿದ್ದರೂ ಗೋಡೌನಿನ ಕಿಟಕಿಯ ಹತ್ತಿರ ಹೋಗಿ ನಿಂತೆ. ಉಪದೇಶಿಗಳು ಪುಸ್ತಕ ಹಿಡಿದುಕೊಂಡು ಎದ್ದರು. "ಓದು ಬಲ್ಲವರು ಯಾರಾದ್ರೂ ಇದ್ರೆ ಬರಬಹುದು," ಎಂದರು. ಯಾರೂ ಏಳಲಿಲ್ಲ. ಸೊಸೆ ಕೂತಲ್ಲೇ ಸೆರಗಿನ ತುದಿಯನ್ನು ಸುತ್ತುತ್ತಿದ್ದಳು. ಉಪದೇಶಿಗಳು ಹೆಂಗಸರ ಕಡೆ ತಿರುಗಿ, ಒಂದು ನೆರಳಿಗೆ ಪುಸ್ತಕ ಚಾಚಿ, "ನೀನೇ ಓದ್ಬೇಕಮ್ಮ. ನನ್ನಿಂದ ಆಗೋದಿಲ್ಲ," ಎಂದರು.

"ನಾನು ಓದಿದ್ರೆ ನಿಮ್ಮ ಕತೆ ಅಷ್ಟೇ ಉಪದೇಶಿಗಳೇ," ಎಂದಳು ಕಳಸದ ದಾರಿ ಹೇಳಿದ ಅದೇ ಮುದುಕಿ. "ನಿಮ್ಮ ಸೊಸೆ ಇತ್ಲಾಗೆ ಕೂತಿದಾಳೆ."

ನಗುವಿನ ನಡುವೆ ಸೊಸೆ ಎದ್ದುಬಂದು ಪುಸ್ತಕ ತೆಗೆದುಕೊಂಡಳು. ಸ್ಪಷ್ಟವಾಗಿ, ಅವಸರವಿಲ್ಲದೆ, ಪುಟದಲ್ಲಿದ್ದಷ್ಟನ್ನೇ ಓದಿದಳು. ಕಳಸವಿಲ್ಲ, ಮೇಸ್ತ್ರಿಯಿಲ್ಲ. ಸಭೆಯವರಿಗೆ ಇದು ಸಪ್ಪೆಯೆನಿಸಿತೆಂದು ಆಮೇಲೆ ಕೇಳಿ ನನಗೆ ಸಮಾಧಾನವಾಯಿತು. ಆದರೆ ಮನೆಯಲ್ಲಿ ಚೊಂಬು ತಟ್ಟೆಗಳ ಸದ್ದು ಹಾಗೇ ಮುಂದುವರಿಯಿತು. ಓದು ಎಂದಿದ್ದರು, ಓದಿದಳು. ಮಾತಾಡು ಎಂದು ಯಾರೂ ಹೇಳಿರಲಿಲ್ಲ.

ಉಪದೇಶಿಗಳು ಶನಿವಾರದ ವ್ಯಾಖ್ಯಾನಕ್ಕೆ ಬರುವುದನ್ನು ಬಿಡಲಿಲ್ಲ. ಕಾಗದ ಸಾಲಾಗಿ ಮುಂದೆ ಸಾಗುತ್ತಿತ್ತು. ಪಾದ್ರಿಗಳು ಬರುವ ಭಾನುವಾರ ಗೊತ್ತಾದಾಗ ಲೆಕ್ಕ ಹಾಕಿ ನೋಡಿದರೆ, ಆವತ್ತಿಗೆ ಸರಿಯಾಗಿ ಬರುವುದು ಹೆಂಗಸರು ಸಭೆಯಲ್ಲಿ ಸುಮ್ಮನಿರಬೇಕೆಂಬ ಭಾಗ!

"ಹಾರಿಸಿಬಿಡಿ," ಎಂದೆ ನಾನು.

"ಅವರ ಬೆರಳು ಹಾರೋದಿಲ್ಲ ರೈಟ್ರೇ. ಅದೂ ಅಲ್ದೆ, ಹಾರಿಸಿದ್ರೆ ಅವಳು ಎಂತ ತಿಳ್ಕೊಂಡಾಳು?"

ವ್ಯಾಖ್ಯಾನ ತೆಗೆದೆ. ಅದರಲ್ಲಿ ಪಂಡಿತರ ನಡುವೆಯೇ ಜಗಳ. ಆ ಪೇಟೆಯಲ್ಲಿ ಗಂಡಸರೂ ಹೆಂಗಸರೂ ಒಟ್ಟಿಗೆ ಕೂರುವುದೇ ಹೊಸತಾಗಿತ್ತು, ನಡುವೆ ಎದ್ದು ಪ್ರಶ್ನೆ ಕೇಳಿ ಗಲಾಟೆಯಾಗುತ್ತಿದ್ದಿರಬೇಕು ಎಂದು ಒಬ್ಬರು. ಅದೇ ಕಾಗದದ ಹಿಂದೊಂದು ಭಾಗದಲ್ಲಿ ಹೆಂಗಸರು ಸಭೆಯಲ್ಲಿ ಪ್ರಾರ್ಥಿಸುವಾಗ ತಲೆಯ ಮೇಲೆ ಮುಸುಕಿರಲಿ ಎಂದಿದೆ, ಬಾಯಿಯೇ ತೆರೆಯಬಾರದಿದ್ದರೆ ಆ ಮಾತು ಯಾಕೆ ಎಂದು ಇನ್ನೊಬ್ಬರು. ಕೊರಿಂಥದ ರೇವಿನವಳಾದ ಒಬ್ಬ ಹೆಂಗಸಿನ ಕೈಯಲ್ಲೇ ಅಪೊಸ್ತಲರು ರೋಮಿಗೆ ಕಾಗದ ಕೊಟ್ಟು ಕಳಿಸಿದರೆಂದು ತೋರುತ್ತದೆ, ಕಾಗದ ಒಯ್ದವರೇ ಅದನ್ನು ಓದಿ ಅರ್ಥ ಹೇಳುವುದೂ ಆ ಕಾಲದಲ್ಲಿ ಇತ್ತು ಎಂದು ಮತ್ತೊಬ್ಬರು. ಈ ಸಲ ನಾನು ನನ್ನದೆಂದು ಒಂದು ಅಕ್ಷರವನ್ನೂ ಸೇರಿಸಲಿಲ್ಲ. ಉಪದೇಶಿಗಳು ಕೊಡೆ ತೆಗೆದುಕೊಂಡು ಗುಡ್ಡ ಇಳಿದರು.

ಭಾನುವಾರ ಪಾದ್ರಿಗಳು ಕುರ್ಚಿಯಲ್ಲಿ ಕೂತು ಬೆರಳಿಟ್ಟರು. ಓದುಗರು ಹೆಂಗಸೆಂದು ಕಂಡು ಅವರ ಹುಬ್ಬು ಮೇಲೇರಿದ್ದು ನನಗೆ ಬಾಗಿಲಿನಿಂದಲೇ ಕಾಣಿಸಿತು. ಸೊಸೆ ಓದುತ್ತಾ ಹೋದಳು. ಆ ಭಾಗ ಬಂತು. ಅವಳು ದನಿ ತಗ್ಗಿಸಲಿಲ್ಲ, ಅವಸರ ಮಾಡಲಿಲ್ಲ. ಹೆಂಗಸರು ಸಭೆಯಲ್ಲಿ ಮಾತಾಡಬಾರದೆಂಬುದನ್ನು, ತುಂಬಿದ ಸಭೆಯಲ್ಲಿ, ಕೊನೆಯ ಸಾಲಿಗೂ ಕೇಳುವ ಹಾಗೆ ಓದಿದಳು. ಓದಿ ನಿಲ್ಲಿಸಿದಳು.

ಗಂಡಸರು ಪಾದ್ರಿಗಳ ಮುಖ ನೋಡಿದರು. ಹೆಂಗಸರು ಉಪದೇಶಿಗಳ ಮುಖ ನೋಡಿದರು. ಫಿಟ್ಟರು ನೆಲ ನೋಡುತ್ತಿದ್ದ. ಪಾದ್ರಿಗಳು ಬೆರಳನ್ನು ಅಲ್ಲೇ ಒತ್ತಿಟ್ಟು ಏನೋ ಹೇಳಲು ಬಾಯಿ ತೆರೆದರು. ಮನೆ ಹೋಯಿತು ಎಂದುಕೊಂಡೆ ನಾನು.

"ಯಾಕಮ್ಮ ನಿಲ್ಲಿಸಿದ್ದು?" ತಗಡು ನಡುಗಿತು. ಉಪದೇಶಿಗಳದು ಆ ಹಳೆಯ ದನಿ. "ಮುಂದೆ ಓದು."

ಅವಳು ಓದಿದಳು. ಸ್ವಲ್ಪ ಹೊತ್ತಿಗೆ ಪಾದ್ರಿಗಳ ಬೆರಳೂ ಕೆಳಗಿನ ಸಾಲಿಗೆ ಇಳಿಯಿತು. ಮಧ್ಯಾಹ್ನ ಕಾರು ಹತ್ತುವಾಗ ಅವರು ನನ್ನೊಡನೆ, "ಓದುವಿಕೆಯು ಸಮರ್ಪಕವಾಗಿದ್ದಿತು," ಎಂದಷ್ಟೇ ಹೇಳಿ ಹೋದರು. ಬೇರೆ ಉಪದೇಶಿ ಬರಲಿಲ್ಲ.

ಮುಂದಿನ ಶನಿವಾರ ಉಪದೇಶಿಗಳು ನನ್ನ ಕೋಣೆಗೆ ಬಂದು ಕೂತವರು ಪುಸ್ತಕ ಬಿಚ್ಚಲೇ ಇಲ್ಲ. ಹಿಂದಿನ ಭಾನುವಾರ ಪ್ರಾರ್ಥನೆಯಿಂದ ಮನೆಗೆ ಹೋಗಿ ಊಟಕ್ಕೆ ಕೂತಾಗ ಸೊಸೆ ತಟ್ಟೆ ಕುಟ್ಟಲಿಲ್ಲವಂತೆ. ಎದುರಿಗೆ ಬಂದು ನಿಂತು, "ಇನ್ನೊಂದು ಸೌಟು ಗಂಜಿ ಹಾಕ್ಲಾ ಮಾವ?" ಎಂದು ಕೇಳಿದಳಂತೆ.

"ಸಾಕು ಅಂದೆ ರೈಟ್ರೇ," ಎಂದರು. ಕೋಟಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಎಲ್ಲಿ ಕೇಳ್ತಾಳೆ? ಹಾಕಿಯೇ ಬಿಟ್ಲು."